ಇಯರ್‌ಫೋನ್ ಇದ್ರೂ ಗಾಡಿ ಓಡಿಸ್ತಾ ಫೋನ್ ಬೇಡ

ಕಬ್ಬು ಅರೆಯೋ ಸೀಸನ್‌ನಲ್ಲಿ ಸಂಜೆ ಹೊತ್ತು ಮಂಡ್ಯ, ಪಾಂಡವಪುರ ಕಡೆ ಓಡಾಡೋರು ಸ್ವಲ್ಪ ಗಮನಿಸಿ. ಗಾಡಿ ಓಡಿಸ್ತಾ ಇಯರ್‌ಫೋನಲ್ಲಿ ಮಾತಾಡೋರು ಹೇಳೋ "ಎರಡೂ ಕೈ ಹ್ಯಾಂಡಲ್ ಮೇಲೇ ಇದ್ಯಲ್ಲ" ಅನ್ನೋ ವಾದ ನಿಲ್ಲಲ್ಲ. ತೊಂದರೆ ಕೈದಲ್ಲ, ತಲೇದು. 2001ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ನಡೆಸಿದ ಪ್ರಯೋಗದಲ್ಲಿ, ಫೋನಲ್ಲಿ ಮಾತಾಡ್ತಿದ್ದವರು ಸಿಗ್ನಲ್ ಗಮನಿಸದೇ ಹೋಗಿದ್ದು ಸುಮಾರು ಎರಡು ಪಟ್ಟು ಹೆಚ್ಚು. ಫೋನ್ ಕೈಯಲ್ಲಿದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ರೇಡಿಯೋ ಕೇಳ್ತಿದ್ದವರಿಗೆ ಹಾಗಾಗಲಿಲ್ಲ.

ಕಣ್ಣೇನೋ ರಸ್ತೆ ಮೇಲೇ ಇರುತ್ತೆ, ಕಂಡದ್ದು ಮನಸ್ಸಿಗೆ ಇಳಿಯಲ್ಲ. ಫೋನಲ್ಲಿ ಉತ್ತರ ಯೋಚಿಸೋದಕ್ಕೂ, ಮುಂದೆ ಹಿಂದೀಪ ಇಲ್ಲದೆ ಹೋಗ್ತಿರೋ ಕಬ್ಬಿನ ಗಾಡಿ ಗುರುತಿಸೋದಕ್ಕೂ ಇರೋದು ಒಂದೇ ಗಮನ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರ್ತೀರಿ. ಪಕ್ಕದಲ್ಲಿ ಕೂತವರಾದ್ರೆ ಹಸು ಅಡ್ಡ ಬಂದಾಗ ಮಾತು ನಿಲ್ಲಿಸ್ತಾರೆ. ಫೋನಿನ ಆ ಕಡೆ ಇರೋರಿಗೆ ಹಸು ಎಲ್ಲಿ ಕಾಣ್ಬೇಕು?

ಸ್ಕೂಟರ್ ಆದ್ರೆ ಫೋನ್ ಸೀಟಿನ ಕೆಳಗೆ ಡಿಕ್ಕಿಗೆ ಹಾಕಿ. ಜೇಬಲ್ಲಿದ್ರೆ ವೈಬ್ರೇಟ್ ಆದ್ರೂ ಸಾಕು, ಯಾರಿರಬಹುದು ಅಂತ ತಲೆ ಅತ್ತ ಹೋಗುತ್ತೆ. ಕಾರಾದ್ರೆ ಮ್ಯಾಪ್ ಹೊರಡೋ ಮುಂಚೆನೇ ಹಾಕ್ಕೊಳ್ಳಿ, ಫೋನ್ ಸೈಲೆಂಟ್ ಮಾಡಿ. ತೆಗೀಲೇಬೇಕಾದ ಕರೆ ಇದ್ರೆ ಎಡಗಡೆ ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ. ಮಾತು ಮುಗಿದ ತಕ್ಷಣ ಹೊರಡಬೇಡಿ, ಅರ್ಧ ನಿಮಿಷ ಬಿಡಿ. ಕರೆ ಕಟ್ ಆದ್ರೂ ಮಾತು ತಲೇಲಿ ಓಡ್ತಾನೇ ಇರುತ್ತೆ. ದುಡ್ಡಿನ ವಿಷಯನೋ ಜಗಳನೋ ಆಗಿದ್ರೆ ಇನ್ನೂ ಹೊತ್ತು ಬೇಕು.

ಮನೆಯಿಂದ ಫೋನ್ ಮಾಡೋರು "ಗಾಡಿ ಓಡಿಸ್ತಿದ್ದೀರಾ?" ಅಂತ ಮೊದಲು ಕೇಳಿ. ಹೌದು ಅಂದ್ರೆ ಇಟ್ಬಿಡಿ.