ಪೋಸ್ಟ್‌ಡಾಕ್ ಹುಡುಕಿದ ಆರು ತಿಂಗಳು

ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲೆ ಮಾಡುವ ತಾತ್ಕಾಲಿಕ ಸಂಶೋಧನಾ ಕೆಲಸ ಕೇಳಿ, ಥೀಸಿಸ್ ಕೊಟ್ಟ ಎರಡೇ ವಾರದಲ್ಲಿ 40 ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ದೆ. ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. ಒಬ್ಬರಿಗಂತೂ ಇನ್ನೊಬ್ಬರ ಹೆಸರಲ್ಲೇ ಹೋಗಿತ್ತು! ಬಂದ ಉತ್ತರ ಮೂರು. ಮೂರರಲ್ಲೂ ಒಂದೇ ಮಾತು: ಸದ್ಯಕ್ಕೆ ಜಾಗ ಇಲ್ಲ.

ಆಮೇಲೆ ಪಟ್ಟಿಯನ್ನು 6 ಲ್ಯಾಬ್‌ಗೆ ಇಳಿಸಿದೆ. ಪ್ರತಿ ಲ್ಯಾಬಿನ ಇತ್ತೀಚಿನ ಎರಡು ಪೇಪರ್ ಕೂತು ಓದಿದೆ. ನನ್ನದು ಒಳಗೆ ದ್ರವದ ಬದಲು ಘನ ವಸ್ತು ಇರುವ ಬ್ಯಾಟರಿಗಳ ಕೆಲಸ. ಎಲ್‌ಎಲ್‌ಝಡ್‌ಒ ಅನ್ನೋ ಸೆರಾಮಿಕ್ ಎಲೆಕ್ಟ್ರೊಲೈಟ್ (ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳನ್ನು ಸಾಗಿಸುವ ವಸ್ತು) ಜೊತೆ ನಾಲ್ಕು ವರ್ಷ ಗುದ್ದಾಡಿದ್ದೆ. ಒಂದು ಪೇಪರ್‌ನ ಇಂಪಿಡೆನ್ಸ್ ಗ್ರಾಫ್‌ನಲ್ಲಿ (ಹರಿವಿಗೆ ಎಷ್ಟು ತಡೆ ಇದೆ ಎಂದು ತೋರಿಸುವ ಗ್ರಾಫ್) ಎರಡನೇ ಅರ್ಧವೃತ್ತ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು, ಅಂದರೆ ತಡೆ ಏರುತ್ತಿತ್ತು. ಬರೆದವರು ಅದನ್ನು ಒಂದು ಸಾಲಿನಲ್ಲಿ ದಾಟಿಸಿದ್ದರು. ನನಗೆ ಅದು ಹಳೇ ಪರಿಚಯ. ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ತಾಗಿದರೆ ಈ ವಸ್ತುವಿನ ಮೇಲೆ ಲಿಥಿಯಂ ಕಾರ್ಬೊನೇಟ್ ಪದರ ಕಟ್ಟುತ್ತದೆ. ಅಯಾನುಗಳಿಗೆ ದಾರಿ ಮುಚ್ಚಿದ ಹಾಗೆ. 'ನಿಮ್ಮಲ್ಲೂ ಇದೇ ಆಗಿರಬಹುದು, ಗಾಳಿ ತಾಗದ ಗ್ಲೋವ್ ಬಾಕ್ಸ್ ಒಳಗೇ ಪಾಲಿಶ್ ಮಾಡಿ ನೋಡಬಹುದು, ನಾನು ಮಾಡಿದ್ದೇನೆ' ಎಂದು ಐದೇ ಸಾಲು ಬರೆದು, ನನ್ನ ಒಂದು ಗ್ರಾಫ್ ಲಗತ್ತಿಸಿದೆ. ಮರುದಿನವೇ ಉತ್ತರ ಬಂತು.

ಸಂದರ್ಶನದಲ್ಲಿ ನನ್ನ ಪ್ರಕಟಣೆಗಳ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ಒಡೆದುಹೋದ ಸ್ಯಾಂಪಲ್‌ಗಳ ಕಥೆ ಕೇಳಿದರು. ಸಿಂಟರ್ ಮಾಡುವಾಗ (ಪುಡಿಯನ್ನು ಸುಟ್ಟು ಗಟ್ಟಿ ಮಾಡುವಾಗ) ಲಿಥಿಯಂ ಆವಿಯಾಗಿ ಒಂದಿಡೀ ಬ್ಯಾಚ್ ಕೆಟ್ಟಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಅಲ್ಲಿಂದ ಮಾತು ಸಲೀಸಾಯಿತು.

ಜಾಹೀರಾತು ನೋಡಬೇಡಿ ಅಂತಲ್ಲ. ಯುರಾಕ್ಸೆಸ್, ನೇಚರ್ ಕರಿಯರ್ಸ್ ಅನ್ನೋ ಸಂಶೋಧನಾ ಕೆಲಸಗಳ ಜಾಲತಾಣಗಳನ್ನು ನಾನೂ ದಿನಾ ನೋಡುತ್ತಿದ್ದೆ. ಯಾವ ಲ್ಯಾಬಿಗೆ ಈಗ ದುಡ್ಡು ಬಂದಿದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡ ಉಪಯೋಗ.

ಫೆಲೋಶಿಪ್ ದಾರಿ ಬೇರೆ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ 8 ವರ್ಷ ದಾಟಿರಬಾರದು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಜರ್ಮನಿಗೆ ಹೋಗೋರಿಗೆ ಹಂಬೋಲ್ಟ್ ಫೆಲೋಶಿಪ್ ಕೂಡ ಇದೆ. ಎರಡಕ್ಕೂ ಮೊದಲು ಅಲ್ಲಿನ ಪ್ರೊಫೆಸರ್ ಒಪ್ಪಬೇಕು. ಅಂದರೆ ಮತ್ತೆ ಅದೇ ಮೇಲ್, ಅಲ್ವಾ?

ಇನ್ನೊಂದು ಲ್ಯಾಬ್ ಕೂಡ ಕರೆದಿತ್ತು. ಕೇಳೋಕೆ ಮುಜುಗರವಾದರೂ ಕೇಳಿದೆ: 'ಈ ಪ್ರಾಜೆಕ್ಟ್‌ನ ದುಡ್ಡು ಇನ್ನೆಷ್ಟು ತಿಂಗಳಿಗೆ ಇದೆ?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಂಟು' ಎಂದರು. ಗ್ಲೋವ್ ಬಾಕ್ಸ್ ತರಬೇತಿ, ಫರ್ನೇಸ್ ಸರದಿಯಲ್ಲೇ ಮೂರು ತಿಂಗಳು ಹೋಗುತ್ತದೆ. ಥ್ಯಾಂಕ್ಸ್ ಹೇಳಿ ಬಿಟ್ಟೆ. ಅರ್ಧವೃತ್ತದ ಲ್ಯಾಬ್‌ನಲ್ಲಿ ಎರಡು ವರ್ಷಕ್ಕೆ ಸಹಿ ಹಾಕಿದೆ.