ಕಾವಿ ಪಟ್ಟೆಯ ಯುಕುಲೆಲೆ: ಮೂರನೆಯದು ಕೈ ಹಿಡಿಯಿತು

ಗುಡಿಯ ಹೊರಗೋಡೆಗೆ ಬಳಿಯುವ ಕೆಂಪು-ಬಿಳಿ ಪಟ್ಟೆ ಇದೆಯಲ್ಲ, ಅದನ್ನು ಯುಕುಲೆಲೆ (ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥ ವಾದ್ಯ) ಮೇಲೆ ತರಬೇಕು ಅಂತ ಒಂದೂವರೆ ವರ್ಷದಿಂದ ಆಸೆ ಇತ್ತು. ಈಗ ಬಂದಿದೆ. ಅಂಚು ದಾರ ಹಿಡಿದು ಗೆರೆ ಎಳೆದ ಹಾಗೆ ನಿಂತಿದೆ. ದನಿಯೂ ಸತ್ತಿಲ್ಲ.

ಆಗಲ್ಲ ಅಂದವರು ಮೂರು ಜನ. ವಾದ್ಯದ ಅಂಗಡಿಯವರು "ಬಣ್ಣ ಹೊಡೆದ್ರೆ ದನಿ ಡಬ್ಬದ ಥರ ಆಗುತ್ತೆ ಸಾರ್" ಅಂದರು. ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನವರು "ಇಷ್ಟು ಚಿಕ್ಕ ಸಾಮಾನಿಗೆ ಪಟ್ಟೆ ನೀಟಾಗಿ ಬರಲ್ಲ, ಸ್ಟಿಕ್ಕರ್ ಅಂಟಿಸಿಬಿಡಿ ಸಾರ್" ಅಂದರು. ನನ್ನ ಭಾವಮೈದ "ಭಾವ, ಇದಕ್ಕೆ ಸುರಿಯೋ ದುಡ್ಡಲ್ಲಿ ಹೊಸದು ಎರಡು ಬರುತ್ತೆ" ಅಂದ. ಮೊದಲೆರಡು ಸಲದ ಮಟ್ಟಿಗೆ ಅವನ ಲೆಕ್ಕ ಸರಿಯಾಗೇ ಇತ್ತು, ಒಪ್ಪುತ್ತೇನೆ.

ವಾದ್ಯ ಸಾದಾ 21 ಇಂಚಿನ ಸೊಪ್ರಾನೊ, ಅಂದರೆ ಯುಕುಲೆಲೆಯಲ್ಲಿ ಚಿಕ್ಕ ಅಳತೆಯದು. ಪ್ಲೈವುಡ್ಡಿನದು, ಸುಮಾರು 1,600 ರೂಪಾಯಿ. ತಂತಿ, ಅದನ್ನು ಬಿಗಿಯುವ ಕಿವಿ ಬಿಚ್ಚುವುದು, ಬೆರಳೊತ್ತುವ ಫ್ರೆಟ್ ಹಲಗೆಗೂ ತಂತಿಯ ಬುಡ ಹಿಡಿಯುವ ಬ್ರಿಜ್‌ಗೂ ಟೇಪ್ ಹಚ್ಚುವುದು ನಿಮಗೆಲ್ಲ ಗೊತ್ತಿರುತ್ತೆ. ಅದನ್ನು ಬರೆಯಲ್ಲ. ದನಿಯ ತೂತಿಗೆ ಮಾತ್ರ ಪೇಪರ್ ತುರುಕಬೇಡಿ, ಒಂದು ಬಲೂನ್ ಒಳಗಿಟ್ಟು ಊದಿ ಗಂಟು ಹಾಕಿ. ಪೇಪರಿನ ಚೂರು ಒಳಗೆ ಉಳಿದರೆ ಆಮೇಲೆ ನುಡಿಸುವಾಗ ಗರಗರ ಅನ್ನುತ್ತೆ.

ಮೊದಲನೆಯದು ಕೆಟ್ಟದ್ದು ಜುಲೈ ತಿಂಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಎನಾಮಲ್ ಬಣ್ಣದ ಎರಡು ಸ್ಪ್ರೇ ಡಬ್ಬಿ ತಂದೆ, ಒಂದು ಕೆಂಪು, ಒಂದು ಬಿಳಿ. ಹಳೆ ಪಾಲಿಶ್ ಪೂರ್ತಿ ಹೋಗಲಿ ಅಂತ 120 ನಂಬರಿನ ಒರಟು ಎಮರಿ ಪೇಪರಿನಲ್ಲಿ ಉಜ್ಜಿದೆ. ಇದು ಮೊದಲ ತಪ್ಪು. ಅಗ್ಗದ ಯುಕುಲೆಲೆಯ ಮೇಲ್ಪದರ ಹಪ್ಪಳಕ್ಕಿಂತ ತೆಳು. ಭುಜದ ಅಂಚಿನಲ್ಲಿ ಅದು ಸವೆದು ಕೆಳಗಿನ ಅಡ್ಡ ಎಳೆ ಕಾಣಿಸಿತು. ಬಣ್ಣದಲ್ಲಿ ಮುಚ್ಚಿಹೋಗುತ್ತೆ ಅಂದುಕೊಂಡೆ. ಮುಚ್ಚಲಿಲ್ಲ, ಆ ಜಾಗ ಇನ್ನಷ್ಟು ಎದ್ದು ಕಂಡಿತು.

ಎರಡನೇ ತಪ್ಪು ದೊಡ್ಡದು. ಎನಾಮಲ್ ಮೇಲೆ ಹೊಳಪಿಗೆ ಎನ್‌ಸಿ ಲ್ಯಾಕರ್ (ನೈಟ್ರೊಸೆಲ್ಯುಲೋಸಿನ, ಬೇಗ ಒಣಗುವ ಮೆರುಗು) ಹೊಡೆದೆ. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಕಣ್ಣೆದುರೇ ಬಣ್ಣ ಸುಕ್ಕುಗಟ್ಟಿ ಮೇಲೆದ್ದಿತು. ಲ್ಯಾಕರಿನ ಥಿನ್ನರ್ ಕೆಳಗಿನ ಎನಾಮಲನ್ನು ಕಚ್ಚಿತ್ತು. ಸುಕ್ಕು ಬೀಳದ ಕಡೆ ಮಳೆಗಾಲದ ತೇವ ಸಿಕ್ಕಿಕೊಂಡು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಬಣ್ಣದ ಮುಂಚೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದಾಗ ಸುಮಾರು 390 ಗ್ರಾಂ ಇತ್ತು. ಬಣ್ಣ ಆದಮೇಲೆ 440ರ ಹತ್ತಿರ. ಬೆರಳಲ್ಲಿ ತಟ್ಟಿದರೆ ಮುಂಚೆ ಟಂ ಅನ್ನುತ್ತಿದ್ದ ಹಲಗೆ ಟಪ್ ಅಂತ ಸುಮ್ಮನಾಯಿತು. ಅಂಗಡಿಯವರ ಮಾತು ನಿಜ ಅನ್ನಿಸಿದ್ದು ಆಗ. ಆದರೆ ತಪ್ಪು ಬಣ್ಣದ್ದಲ್ಲ, ದಪ್ಪದ್ದು. ಇದು ತಿಳಿಯುವುದಕ್ಕೆ ಇನ್ನೂ ಆರು ತಿಂಗಳು ಬೇಕಾಯಿತು.

ಎರಡನೆಯದಕ್ಕೆ ಎಲ್ಲ ಅಕ್ರಿಲಿಕ್ ಡಬ್ಬಿ. ತಲಾ 250 ರೂಪಾಯಿ ಇರಬೇಕು. ಬಿಳಿ ಸೊಗಸಾಗಿ ಬಂತು. ಟೇಪಿನಲ್ಲಿ ಉಳಿಸೋಣ ಅಂತ 20 ರೂಪಾಯಿಯ ಮಾಮೂಲಿ ಮಾಸ್ಕಿಂಗ್ ಟೇಪ್ ಹಚ್ಚಿ ಕೆಂಪು ಹೊಡೆದೆ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಿತ್ತರೆ ಕೆಂಪು ಟೇಪಿನಡಿಗೆ ನುಗ್ಗಿ ಗರಗಸದ ಹಲ್ಲಿನ ಹಾಗೆ ಅಂಚು. ಎರಡು ಕಡೆ ಟೇಪಿನ ಜೊತೆ ಬಿಳಿಯೂ ಎದ್ದು ಬಂತು. ಉಳಿದ ಕಡೆ ಅಂಟು. ಅಂಟು ಬಿಡಿಸಲು ಕೊಬ್ಬರಿ ಎಣ್ಣೆ ಹಚ್ಚಿದೆ. ಅಂಟು ಹೋಯಿತು, ಬಣ್ಣ ಎದ್ದ ಜಾಗದಿಂದ ಎಣ್ಣೆ ಮರದೊಳಗೆ ಇಳಿಯಿತು. ಮತ್ತೆ ಬಣ್ಣ ಹೊಡೆದಾಗ ಆ ಜಾಗದಲ್ಲೆಲ್ಲ ಮೀನಿನ ಕಣ್ಣಿನ ಥರ ಗುಂಡು ಗುಂಡು ತೂತು. ಅಲ್ಲಿಗೆ ಎರಡು ವಾದ್ಯ, ಡಬ್ಬಿಗಳು, ಥಿನ್ನರ್, ಎಮರಿ ಎಲ್ಲ ಸೇರಿ ಐದು ಸಾವಿರ ದಾಟಿತ್ತು.

ದಾರಿ ಸಿಕ್ಕಿದ್ದು ಚನ್ನಪಟ್ಟಣದಲ್ಲಿ. ಬೆಂಗಳೂರಿಂದ ಮೈಸೂರಿಗೆ ವಾಪಸ್ ಬರುವಾಗ ಒಂದು ಗೊಂಬೆ ಕಾರ್ಖಾನೆಯಲ್ಲಿ ಅರ್ಧ ಗಂಟೆ ನಿಂತೆ. ಲೇತಿನಲ್ಲಿ ಹಾಲೆ ಮರದ ತುಂಡು ತಿರುಗುತ್ತಿರುತ್ತೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಒಣಗಿದ ಕೇದಗೆ ಎಲೆಯಲ್ಲಿ ತೀಡಿದರೆ ಹೊಳಪು. ಒಂದರ ಪಕ್ಕ ಒಂದು ಪಟ್ಟೆ, ಟೇಪಿಲ್ಲ, ಸ್ಪ್ರೇ ಇಲ್ಲ. ನಾಲ್ಕು ಕಡ್ಡಿ ಕೊಂಡು ತಂದೆ.

ಯುಕುಲೆಲೆ ಲೇತಿನಲ್ಲಿ ತಿರುಗುವ ಸಾಮಾನಲ್ಲ, ಗೊತ್ತು. ಆದರೂ ಕೆಟ್ಟ ಎರಡನೆಯದರ ಬೆನ್ನಿನ ಮೇಲೆ ಹೀಟ್ ಗನ್ ಹಿಡಿದು ಅರಗು ಕರಗಿಸಿ ನೋಡಿದೆ. ಅರಗು ಉಂಡೆ ಉಂಡೆಯಾಗಿ ನಿಂತಿತು. ಪ್ಲೈವುಡ್ಡಿನ ಅಂಟು ಬಿಟ್ಟು ಬೆನ್ನು ಗುಳ್ಳೆ ಎದ್ದಿತು. ನೀವು ಮಾಡಬೇಡಿ. ಆದರೆ ಆ ವಾಸನೆಯಿಂದಲೇ ನೆನಪಾಯಿತು: ಅರಗು ಬಿಸಿಗೆ ಮಾತ್ರ ಅಲ್ಲ, ಸ್ಪಿರಿಟ್ಟಿಗೂ ಕರಗುತ್ತೆ. ಹಳೆಯ ಬಡಗಿಗಳ ಫ್ರೆಂಚ್ ಪಾಲಿಶ್ ಅಂದರೆ ಅದೇ ಅಲ್ವಾ? ಒಳ್ಳೆಯ ಕ್ಲಾಸಿಕಲ್ ಗಿಟಾರುಗಳಿಗೆ ಇವತ್ತಿಗೂ ಅದನ್ನೇ ಹಚ್ಚುತ್ತಾರೆ, ಯಾಕೆಂದರೆ ಅದರಷ್ಟು ತೆಳು ಇನ್ನೊಂದು ಕೂರುವುದಿಲ್ಲ. ನಮ್ಮ ಮೈಸೂರಿಗಂತೂ ಅರಗು ಹೊಸದಲ್ಲ. ಚುನಾವಣೆಯ ಅಳಿಸದ ಶಾಯಿ ಮಾಡುವ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ (ಅಂದರೆ ಅರಗು) ಅಂಡ್ ಪೇಂಟ್ ವರ್ಕ್ಸ್. ಶಾಯಿ ಬಂದದ್ದು ಆಮೇಲೆ, 1962ರಲ್ಲಿ.

ಅರಗಿನ ಚಕ್ಕೆ 100 ಗ್ರಾಂ ತಂದೆ, ಇನ್ನೂರು ರೂಪಾಯಿ ಆಸುಪಾಸು. ಕಾಲು ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ 30 ಗ್ರಾಂ ಚಕ್ಕೆ, ಗಾಜಿನ ಬಾಟಲಿಯಲ್ಲಿ. ಒಂದು ರಾತ್ರಿಗೆ ಕರಗುತ್ತೆ. ಆದರೆ ಕೂಡಲೇ ಬಳಸಬೇಡಿ. ಮಾಮೂಲಿ ಅರಗಿನಲ್ಲಿ ಮೇಣ ಇರುತ್ತೆ, ಅದರ ಮೇಲೆ ಬೇರೆ ಬಣ್ಣ ಸರಿಯಾಗಿ ಹಿಡಿಯಲ್ಲ. ನಾಲ್ಕೈದು ದಿನ ಅಲುಗಾಡಿಸದೆ ಇಟ್ಟರೆ ಮೇಣ ಕೆಳಗೆ ಕೂರುತ್ತೆ. ತಿಳಿ ಸಾರು ಬಗ್ಗಿಸುವ ಹಾಗೆ ಮೇಲಿನ ತಿಳಿಯನ್ನಷ್ಟೇ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ನನ್ನ ಇಡೀ ಕೆಲಸ ನಿಂತಿರುವುದು ಈ ತಿಳಿಯ ಮೇಲೆ.

ಮೂರನೇ ಯುಕುಲೆಲೆಯ ಹಳೆ ಪಾಲಿಶನ್ನು ಕೀಳಲೇ ಇಲ್ಲ. 320 ನಂಬರಿನ ನಯ ಎಮರಿಯಲ್ಲಿ ಹೊಳಪು ಮಾತ್ರ ಮುರಿದೆ. ಅದರ ಮೇಲೆ ಅರಗಿನ ತಿಳಿ ಎರಡು ಕೈ. ಕೆಳಗೆ ಯಾವ ಪಾಲಿಶ್ ಇದ್ದರೂ ಮೇಲಿನ ಬಣ್ಣದ ಜೊತೆ ಜಗಳಕ್ಕೆ ಬರದ ಹಾಗೆ ಅರಗು ನಡುವೆ ನಿಲ್ಲುತ್ತೆ. ಒಣಗಿದ ಮೇಲೆ ಬಿಳಿ ಅಕ್ರಿಲಿಕ್ ಸ್ಪ್ರೇ. ಒಂದಡಿ ದೂರದಿಂದ, ಮಂಜು ಬಿದ್ದ ಹಾಗೆ, ಹದಿನೈದು ನಿಮಿಷಕ್ಕೊಂದರಂತೆ ಮೂರು ಸಲ. ಪೂರ್ತಿ ಬಿಳಿ ಆಗುವ ತನಕ ಹೊಡೆಯುತ್ತಾ ಹೋಗಬೇಡಿ, ತೂಕ ಏರುವುದು ಅಲ್ಲೇ. ಆಮೇಲೆ ಒಂದು ವಾರ ಮುಟ್ಟಲಿಲ್ಲ.

ಇನ್ನು ಕೆಂಪು. ಡಬ್ಬಿ ಕೆಂಪು ಯಾವತ್ತೂ ಗುಡಿಯ ಕೆಂಪಲ್ಲ, ಅದು ಗ್ಯಾಸ್ ಸಿಲಿಂಡರ್ ಕೆಂಪು. ದೇವರಾಜ ಮಾರ್ಕೆಟ್ಟಿನ ಗ್ರಂಧಿಗೆ ಅಂಗಡಿಯಲ್ಲಿ ಕಾವಿ ಪುಡಿ (ಕೆಮ್ಮಣ್ಣಿನ ಪುಡಿ) ಕೇಳಿದೆ. 20 ರೂಪಾಯಿಗೆ ಕೊಟ್ಟದ್ದು ಇನ್ನೂ ಮುಗಿದಿಲ್ಲ. ಅದನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸಿ ಅರಗಿನ ತಿಳಿಗೆ ಕಲೆಸಿದೆ. ಸೋಸದಿದ್ದರೆ ಮರಳು ಮರಳಾಗಿ ಪಟ್ಟೆಯೆಲ್ಲ ತರಿತರಿ. ಬರೀ ಕಾವಿ ಸ್ವಲ್ಪ ಮಂಕಾಗಿ ಕಾಣುತ್ತೆ. ಅದಕ್ಕೆ ಇನ್ನೊಂದು ಪುಡಿ ಚಿಟಿಕೆಯಷ್ಟು ಸೇರಿಸಿದ್ದೇನೆ. ಅದು ಯಾವುದು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನನಗೆ ಎರಡು ತಿಂಗಳು ಹಿಡಿದಿದೆ.

ಇದರ ನಡುವೆ ಬೇರೆ ಪುಡಿಗಳನ್ನೂ ರಟ್ಟಿನ ಮೇಲೆ ಹಚ್ಚಿ ಕಿಟಕಿಗೆ ಆನಿಸಿ ಇಟ್ಟಿದ್ದೆ. ಅರಿಶಿನ ಮೊದಲ ದಿನ ಚಿನ್ನದ ಹಾಗೆ ಇತ್ತು, ಮೂರು ವಾರದ ಬಿಸಿಲಿಗೆ ಬಿಳಿಚಿಕೊಂಡಿತು. ಅಂಗಡಿಯ ಕುಂಕುಮದ ಬಣ್ಣ ಸ್ಪಿರಿಟ್ಟಿಗೆ ಬಿಟ್ಟುಕೊಂಡು ಪಕ್ಕದ ಬಿಳಿಯನ್ನೆಲ್ಲ ಗುಲಾಬಿ ಮಾಡಿತು. ಬಟ್ಟೆಗೆ ಹಾಕುವ ನೀಲಿ ಪುಡಿ ಗಟ್ಟಿಯಾಗಿ ನಿಂತಿದೆ, ಇವತ್ತಿಗೂ ಹಾಗೇ ಇದೆ. ಕಾವಿಯಂತೂ ಮಣ್ಣಿನ ಬಣ್ಣ, ಬಿಸಿಲು ಅದನ್ನು ಏನೂ ಮಾಡಲಿಲ್ಲ.

ಟೇಪಿಗೆ ಈ ಸಲ ದುಡ್ಡು ಕೊಟ್ಟೆ. ಕಾರಿನ ಕೆಲಸಕ್ಕೆ ಬಳಸುವ ತೆಳು ಟೇಪ್, ಒಂದು ಸುರುಳಿಗೆ 120 ಕೊಟ್ಟ ನೆನಪು. ಪಟ್ಟೆಯ ಅಗಲ 12 ಮಿಲಿಮೀಟರ್. 8 ಇಟ್ಟು ನೋಡಿದ್ದೆ, ದೂರದಿಂದ ಹಾಸಿಗೆ ಬಟ್ಟೆಯ ಥರ ಕಂಡಿತು. 20 ಇಟ್ಟರೆ ಸೊಂಟದ ಹತ್ತಿರ ಎರಡೇ ಪಟ್ಟೆ ಕಾಣುತ್ತೆ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿದ ಮೇಲೆ ಅಂಚಿನುದ್ದಕ್ಕೂ ಬಿಳಿಯನ್ನೇ ಇನ್ನೊಂದು ಸಲ ಹಗುರಾಗಿ ಹೊಡೆದು ಚೆನ್ನಾಗಿ ಒಣಗಲು ಬಿಟ್ಟೆ. ಸಂದು ಇದ್ದರೆ ಬಿಳಿಯೇ ನುಗ್ಗಿ ಮುಚ್ಚಿಕೊಳ್ಳಲಿ ಅಂತ.

ಕೆಂಪನ್ನು ಸ್ಪ್ರೇ ಮಾಡಲಿಲ್ಲ, ಬ್ರಷ್ಷೂ ಇಲ್ಲ. ಹತ್ತಿಯನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಸುತ್ತಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಕಾವಿ-ಅರಗಿನಲ್ಲಿ ಅದ್ದಿ, ಪೇಪರಿಗೆ ಒತ್ತಿ ಹೆಚ್ಚಿನದನ್ನು ತೆಗೆದು, ಪಟ್ಟೆಯ ಮೇಲೆ ಒತ್ತುತ್ತಾ ಹೋದೆ. ಒತ್ತಬೇಕು, ಒರೆಸಬಾರದು. ಒರೆಸಿದರೆ ಸ್ಪಿರಿಟ್ ಕೆಳಗಿನ ಬಿಳಿಯನ್ನು ಎಬ್ಬಿಸುತ್ತೆ, ಎಲ್ಲ ಗುಲಾಬಿ ಕೆಸರು. ಒತ್ತಿದ ಜಾಗಕ್ಕೆ ಹತ್ತು ನಿಮಿಷದೊಳಗೆ ಮತ್ತೆ ಕೈ ಹಾಕಬೇಡಿ. ಹೀಗೆ ನಾಲ್ಕು ಸುತ್ತು. ಉಂಡೆಯಲ್ಲಿ ಬಣ್ಣ ಇರುವುದೇ ಕಮ್ಮಿ, ಟೇಪಿನಡಿಗೆ ನುಗ್ಗುವಷ್ಟು ದ್ರವವೇ ಅದರಲ್ಲಿರಲ್ಲ. ಕೊನೆಯ ಸುತ್ತಾಗಿ ಕಾಲು ಗಂಟೆಗೆ ಟೇಪನ್ನು ಅದರ ಮೇಲೇ ಮಡಚಿ ನಿಧಾನವಾಗಿ ಎಳೆದೆ. ಮೊದಲ ಪಟ್ಟೆಯ ಅಂಚು ಕಂಡಾಗ ಹೆಂಡತಿಯನ್ನು ಒಲೆ ಹತ್ತಿರದಿಂದ ಕರೆದು ತೋರಿಸಿದೆ. ಅಷ್ಟು ಖುಷಿಯಾಗಿತ್ತು.

ಎದೆಯ ಪಟ್ಟೆ ಪಕ್ಕದ ಬಾಗಿನಲ್ಲಿ ಇಳಿದು ಬೆನ್ನಿನ ಪಟ್ಟೆಗೆ ಸರಿಯಾಗಿ ಕೂಡುವುದು ಕಷ್ಟದ ಜಾಗ. ಕೂಡಿದೆ. ನೋಡಿದವರೆಲ್ಲ ಮೊದಲು ಅಲ್ಲೇ ಬೆರಳಿಡುತ್ತಾರೆ. ಒಂದು ಸಾದಾ ದಾರದಿಂದ ಮಾಡಿದ್ದು, ಇಷ್ಟು ಹೇಳುತ್ತೇನೆ, ಉಳಿದದ್ದನ್ನು ನೀವೇ ಕಂಡುಕೊಳ್ಳಿ.

ಅರಗು ಒಂದೇ ಇದ್ದರೆ ಬೆವರಿನ ಕೈಗೆ ತಡೆಯಲ್ಲ, ನೀರು ಬಿದ್ದರೆ ಬಿಳಿ ಕಲೆ ಬರುತ್ತೆ. ಅದಕ್ಕೆ ನಾಲ್ಕು ದಿನ ಬಿಟ್ಟು ಅಕ್ರಿಲಿಕ್ ಕ್ಲಿಯರ್ (ಬಣ್ಣವಿಲ್ಲದ ಮೇಲ್ಪದರ) ಎರಡು ತೆಳು ಕೈ ಹೊಡೆದೆ. ಹತ್ತು ದಿನದ ಮೇಲೆ 2000 ನಂಬರಿನ ಬಲು ನಯ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಎಮರಿ) ಸೋಪು ನೀರು ಹಾಕಿ ತೀಡಿ, ಹೊಳಪಿಗೆ ತಿಕ್ಕುವ ಕಾಂಪೌಂಡ್ ಹಾಕಿ ಉಜ್ಜಿದೆ. ಕನ್ನಡಿಯಂಥ ಹೊಳಪು ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆ. ಸುಣ್ಣದ ಗೋಡೆ ಹೊಳೆಯಲ್ಲ. ಅರಗಿನ ಛಾಯೆಗೆ ಕೆಂಪಿನ ಅಂಚು ಸ್ವಲ್ಪ ಬೆಚ್ಚಗೆ ಕಾಣುತ್ತೆ, ಒಂದು ಮಳೆ ಕಂಡ ಗೋಡೆಯ ಹಾಗೆ.

ತೂಕ ಏರಿದ್ದು 14-15 ಗ್ರಾಂ ಅಷ್ಟೇ. ಮುಂಚೆ ಎ ತಂತಿ ಮೀಟಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಬಣ್ಣದ ನಂತರ ಅದೇ ಮೂಲೆಯಲ್ಲಿ ಕೂತು ಮತ್ತೆ ಹಿಡಿದೆ. ದನಿ ನಿಲ್ಲುವ ಹೊತ್ತು ಕಿವಿಗೆ ಒಂದೇ. ಎರಡನ್ನೂ ವಾದ್ಯದ ಅಂಗಡಿಯವರಿಗೆ ಕೇಳಿಸಿ ಯಾವುದು ಬಣ್ಣದ್ದು ಅಂದೆ. ಬಣ್ಣ ಇಲ್ಲದ್ದನ್ನೇ ತೋರಿಸಿದರು. ಆಮೇಲೆ ವಾದ್ಯ ಕೈಗೆ ಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿ, "ಮಾರ್ತೀರಾ ಸಾರ್, 4,000 ಕೊಡ್ತೀನಿ" ಅಂದರು. ಕೊಡಲಿಲ್ಲ. ಈ ಸಲದ ಖರ್ಚು ವಾದ್ಯ ಬಿಟ್ಟು ಸಾವಿರದ ಒಳಗೆ. ಉಳಿದ ಅರಗು, ಕಾವಿ, ಟೇಪಿನಲ್ಲಿ ಇನ್ನೂ ಎರಡು ಆಗುತ್ತೆ.

ಒಂದು ಕೊರತೆ ಹೇಳಬೇಕು. ಐದು ತಿಂಗಳ ಮೇಲೆ ಮುಂಗೈ ಆನಿಸುವ ಜಾಗದಲ್ಲಿ ಹೊಳಪು ಕೊಂಚ ಬೇರೆಯಾಗಿದೆ. ಬಣ್ಣ ಹೋಗಿಲ್ಲ. ಅಲ್ಲಿ ಕ್ಲಿಯರ್ ಮೂರು ಕೈ ಬೇಕಿತ್ತು ಅಂತ ಕಾಣುತ್ತೆ. ಈಗ ಭಾವಮೈದನೇ ತನ್ನ ಮಗಳ ಯುಕುಲೆಲೆ ತಂದುಕೊಟ್ಟಿದ್ದಾನೆ, ನೀಲಿ ಪಟ್ಟೆ ಬೇಕಂತೆ. ಅದರ ಮೇಲೆ ಮೂರು ಕೈ ಹೊಡೆದು ತೂಕ ನೋಡುತ್ತೇನೆ. ಬಿಳಿ ಒಣಗುತ್ತಿದೆ, ಟೇಪು ಬರುವ ಭಾನುವಾರ.