ಫುಟ್‌ಬಾಲ್‌ನಲ್ಲಿ ನಾಲ್ವರು ಡಿಫೆಂಡರ್‌ಗಳು ಒಂದೇ ಗೆರೆಯಾಗಿ ಆಡುವುದು ಹೇಗೆ?

ಗೋಲು ಬಿಟ್ಟುಕೊಟ್ಟ ಕೂಡಲೇ ತಂಡದಲ್ಲಿ ಏಳುವ ಪ್ರಶ್ನೆ ಒಂದೇ: "ಅವನನ್ನು ಯಾರು ಹಿಡಿಯಬೇಕಿತ್ತು?" ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲುಗಾರ, ಅವರ ಹಿಂದೆ ಹೆಚ್ಚುವರಿ ಇನ್ನೊಬ್ಬ. ಈ ಲೆಕ್ಕದಲ್ಲಿ ಆಡಿಯೇ ಇಂಟರ್ ಮಿಲಾನ್ 1964 ಮತ್ತು 1965ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಗೆದ್ದಿತ್ತು. 1987ರಲ್ಲಿ ಅದೇ ಊರಿನ ಎಸಿ ಮಿಲಾನ್‌ಗೆ ತರಬೇತುದಾರರಾಗಿ ಬಂದ ಅರಿಗೊ ಸಾಕಿ ಬೇರೆಯದೇ ಪಾಠ ಹೇಳಿಕೊಟ್ಟರು. ಎದುರಾಳಿಯ ಬೆನ್ನು ಹತ್ತಬೇಡಿ; ಚೆಂಡು ಎಲ್ಲಿದೆ, ಪಕ್ಕದ ಜೊತೆಗಾರ ಎಲ್ಲಿದ್ದಾನೆ ಎಂಬುದನ್ನು ನೋಡಿ ನಿಲ್ಲಿ. 1989, 1990ರ ಯುರೋಪಿಯನ್ ಕಪ್ ಅವರದಾಯಿತು.

ಮೊದಲ ಹಂತ: ನಾಲ್ವರೂ ಒಂದೇ ಹಗ್ಗವನ್ನು ಹಿಡಿದು, ನಡುವೆ ಎಂಟು ಹತ್ತು ಹೆಜ್ಜೆ ಬಿಟ್ಟು ನಿಲ್ಲಲಿ. ಹಗ್ಗ ಜೋಲಬಾರದು, ಜಗ್ಗಲೂಬಾರದು.

ಎರಡನೆಯದು: ಚೆಂಡು ಬಲಕ್ಕೆ ಹೋದರೆ ಬಲಗಡೆಯವನು ಅದರತ್ತ ನುಗ್ಗಲಿ, ಉಳಿದ ಮೂವರು ಅವನ ಕಡೆಗೆ ಸರಿಯಲಿ. ಎಡತುದಿಯವನು ಮೈದಾನದ ನಡುವಿನವರೆಗೂ ಬರಬೇಕು. ಅವನ ಕಡೆಯ ಅಂಚು ಖಾಲಿಯಾಯಿತೆಂದು ಹೊಸಬರು ಹೆದರುತ್ತಾರೆ. ಆದರೆ ಅಷ್ಟು ದೂರದ ಪಾಸ್ ಗಾಳಿಯಲ್ಲಿರುವಾಗ ಅವನು ವಾಪಸ್ ಓಡಬಹುದು. ಗೋಲಿನ ಎದುರಿನ ಬಿರುಕಿಗೆ ಅಂಥ ಪುರುಸೊತ್ತಿಲ್ಲ.

ಮೂರನೆಯದೇ ನಿಜವಾದ ಕಷ್ಟ. ಮುಂದೆ ಬರುವುದು ಯಾವಾಗ, ಹಿಂದೆ ಸರಿಯುವುದು ಯಾವಾಗ? ಚೆಂಡಿರುವವನ ಮುಖ ನೋಡಿ. ಅವನು ತಲೆಯೆತ್ತಿ, ಯಾರ ಒತ್ತಡವೂ ಇಲ್ಲದೆ ನಿಂತಿದ್ದರೆ, ಅವನು ಒದೆಯುವ ಮೊದಲೇ ಗೆರೆ ಹಿಂದಕ್ಕೆ ಓಡಬೇಕು. ಅವನು ಬೆನ್ನು ತಿರುಗಿಸಿದರೆ ಅಥವಾ ಚೆಂಡನ್ನು ಹಿಂದಕ್ಕೆ ಕೊಟ್ಟರೆ ನಾಲ್ವರೂ ಒಟ್ಟಿಗೆ ಮೇಲಕ್ಕೆ. ಆಗ ಗೆರೆಯ ಹಿಂದೆ ಉಳಿದ ಎದುರಾಳಿ ಸ್ಟ್ರೈಕರ್ ಆಫ್‌ಸೈಡ್‌ಗೆ ಸಿಗುತ್ತಾನೆ, ಅಂದರೆ ಅಲ್ಲಿ ಅವನಿಗೆ ಕೊಟ್ಟ ಪಾಸ್ ನಿಯಮಬಾಹಿರವಾಗುತ್ತದೆ. ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ಉಳಿದ ಮೂವರ ಶ್ರಮ ನೀರುಪಾಲು. ಅದಕ್ಕೇ ಕೂಗಿ ಹೇಳುವವನು ಒಬ್ಬನೇ ಇರಲಿ. ಮಿಲಾನ್‌ನಲ್ಲಿ ಗೆರೆಯನ್ನು ನಡೆಸುತ್ತಿದ್ದುದು ಡಿಫೆಂಡರ್ ಫ್ರಾಂಕೊ ಬರೇಸಿ.

ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಅಲ್ಲಿ ಈ ಗೆರೆಯನ್ನು ನಂಬಬೇಡಿ, ಆಳನ್ನೇ ಹಿಡಿಯಿರಿ.

ಗೆರೆ ಮೇಲಕ್ಕೆ ಬಂದಾಗ ಗೋಲ್‌ಕೀಪರ್ ಕೂಡ ಮುಂದೆ ಬಂದು ಹಿಂದಿನ ಖಾಲಿ ಜಾಗವನ್ನು ಕಾಯಬೇಕು. ಮಿಡ್‌ಫೀಲ್ಡ್ ಕೂಡ ಹತ್ತಿರವಿರಲಿ: ಕೊನೆಯ ಡಿಫೆಂಡರ್‌ನಿಂದ ಮುಂಚೂಣಿಯವನವರೆಗೆ ಸುಮಾರು 25 ಮೀಟರ್ ಎಂಬುದು ಸಾಕಿ ಬಯಸಿದ ಅಂತರ.

ಅವರು ಚೆಂಡೇ ಇಲ್ಲದೆಯೂ ಅಭ್ಯಾಸ ಮಾಡಿಸುತ್ತಿದ್ದರು. ನೀವೂ ಹಾಗೇ ಶುರುಮಾಡಿ. "ಚೆಂಡು ಎಡಕ್ಕೆ", "ಹಿಂದಕ್ಕೆ" ಎಂದು ಕೂಗಿ, ಮೊದಲ ವಾರ ಮಕ್ಕಳನ್ನು ಬರೀ ನಡೆಸಿ. ಹಗ್ಗ ನೆಲ ಮುಟ್ಟದಂತಾದ ಮೇಲೆ ಓಡಿಸಿ.